ಮೂರನೇ ನುಡಿಯಲ್ಲಿ ನಿಂತ ಹಾರ್ಮೋನಿಯಂ

ನಮ್ಮೂರಲ್ಲಿ ಹಾಡು ಹಿಡಿಯುವುದಾದರೆ ಇವತ್ತು ಮಿಷಿನ್ ಓಡಿಸಬೇಕು, ನಾಳೆ ಹಾಡಬೇಕು. ಬೆಳಿಗ್ಗೆ ಹತ್ತು ಗಂಟೆಗೆ ಅಂತ ಇಟ್ಟುಕೊಳ್ಳಿ, ಖಾಲಿ ಕೋಣೆಯಲ್ಲಿ ಮೈಕು ನಿಲ್ಲಿಸಿ, ಕ್ಯಾಸೆಟ್ ಹಾಕಿ, ಕೆಂಪು ಗುಂಡಿ ಒತ್ತಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬರುವುದು. ಮಾರನೇ ದಿನ ಅದೇ ಹತ್ತು ಗಂಟೆಗೆ ಹಾಡುವವರು ಒಳಗೆ ಹೋಗಿ, ಅಲುಗಾಡಿಸದೆ ಬಿಟ್ಟ ಅದೇ ಮೈಕಿನ ಮುಂದೆ ಕೂತು ಹಾಡುವುದು. ಹಾಡು ನಿನ್ನೆಯೇ ಕ್ಯಾಸೆಟ್ಟಿಗೆ ಇಳಿದಿರುತ್ತದೆ. ಹಾಡುವ ಹೊತ್ತಿಗೆ ಮಿಷಿನ್ ತಣ್ಣಗೆ ಮಲಗಿರುತ್ತದೆ. ಬೇರೆ ಊರುಗಳಲ್ಲಿ ಹಾಡುವಾಗಲೇ ಹಿಡಿಯುತ್ತಾರಂತೆ. ಅದು ಹೇಗೋ ಏನೋ, ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ.

ನಾನು ವಿಶಾಲಾಕ್ಷಿ. ಊರವರ ಬಾಯಲ್ಲಿ ವಿಶಾಲಕ್ಕ. ನಮ್ಮ ಮನೆಯ ಹಿಂದಿನ ಕೋಣೆ ಮೊದಲು ಜೋಳದ ಚೀಲ ಇಡುವ ಕೋಣೆಯಾಗಿತ್ತು, ಈಗ ಅರ್ಧ ಊರು ಹಾಡು ಹಿಡಿಸುವ ಕೋಣೆ. ಗೋಡೆಗೆಲ್ಲ ಹಳೆಯ ಕೌದಿ ಇಳಿಬಿಟ್ಟಿದ್ದೇನೆ. ಕೌದಿ ಸಾಲದ ಕಡೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿದ್ದೇನೆ. ಮೈಕಿನ ಮುಂದೆ 'ಪ' 'ಬ' ಅಂದಾಗ ಗಾಳಿ ಬಡಿಯಬಾರದು ಅಂತ ಕಸೂತಿ ಹಾಕುವ ಬಳೆಗೆ ನಮ್ಮವರ ಹಳೇ ಪಂಚೆಯ ತುಂಡು ಬಿಗಿದು ಕಟ್ಟಿದ್ದೇನೆ. ಮೇಜಿನ ಮೇಲೆ ಒಂದು ಮಿಕ್ಸರ್, ಅದರ ಮೈತುಂಬಾ ತಿರುಗಣೆ ಗುಂಡಿಗಳು, ಪಕ್ಕದಲ್ಲಿ ಕ್ಯಾಸೆಟ್ ಮಿಷಿನ್. ಮಿಷಿನ್ನಿನ ಗಾಜಿನೊಳಗೆ ಒಂದು ಮುಳ್ಳು. ಯಾರೂ ಇಲ್ಲದ ಕೋಣೆಯಲ್ಲಿ, ಒಂದು ಚೂರೂ ಸದ್ದಿಲ್ಲದೆ ಆ ಮುಳ್ಳು ಎದ್ದು ಕುಣಿಯುವುದನ್ನು ನೋಡುವುದೆಂದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅಲ್ಲಿ ನಾಳೆ ಬಂದು ಕೂತಿರುತ್ತದೆ. ನಾವು ಬಾಗಿಲ ಸಂದಿಯಿಂದ ಇಣುಕುತ್ತಿರುತ್ತೇವೆ.

ನಾನು ಮಿಷಿನ್ನಿನ ಕೆಲಸ ನೋಡಿಕೊಂಡರೆ, ಯಾರು ಹಾಡಲು ಬಂದರೂ ಹಾರ್ಮೋನಿಯಂ ನುಡಿಸುವವರು ನಮ್ಮವರು, ಹಾಲಪ್ಪ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಪೆಟ್ಟಿಗೆ ಬಾರಿಸುವವರನ್ನೆಲ್ಲ ನಮ್ಮೂರಲ್ಲಿ ಮೇಷ್ಟ್ರು ಅನ್ನುತ್ತಾರೆ.

ಒಮ್ಮೆ ಹೊರಗಿನಿಂದ ಒಬ್ಬ ಹುಡುಗ ಬೆನ್ನ ಮೇಲೆ ಗಿಟಾರು, ಕೈಯಲ್ಲಿ ಲ್ಯಾಪ್‌ಟಾಪು ಹೊತ್ತುಕೊಂಡು ಬಂದು ನಮ್ಮ ಕೇರಿಯ ಕೊಟ್ರವ್ವನ ಮನೆಯ ಮೇಲಿನ ಕೋಣೆ ಹಿಡಿದ. ಬೇಡ ಮಾರಾಯಾ, ಇಲ್ಲಿ ಹಾಗೆ ನಡೆಯೋದಿಲ್ಲ ಅಂದರೂ ಕೇಳದೆ ಇಡೀ ದಿನ ಮೈಕಿನ ಮುಂದೆ ಕಿರುಚಿದ. ಸಂಜೆ ಹಾಕಿ ನೋಡಿದರೆ ಕೊಟ್ರವ್ವ ಕಸ ಗುಡಿಸುತ್ತಿರುವ ಸದ್ದು, "ಬಾಡಿಗೆನೂ ಕೊಡದೆ ಓಡಿಹೋದ್ನಲ್ಲಪ್ಪಾ ಮುಂಡೇದು" ಅಂತ ಅವಳ ಬೈಗುಳ. ಹುಡುಗ ಬೆಚ್ಚಿಬಿದ್ದು ಅವತ್ತೇ ಗಂಟುಮೂಟೆ ಕಟ್ಟಿದ, ಬಾಡಿಗೆ ಕೊಡುವುದೂ ಮರೆತುಹೋಯಿತು. ಕೊಟ್ರವ್ವ ಅದನ್ನು ಹೇಳಿಕೊಂಡು ಇನ್ನೂ ನಗುತ್ತಾಳೆ.

ನಮ್ಮೂರ ಹಾಡುಗಾರರಿಗೆ ಹೆದರಿಕೆ ಅನ್ನುವುದಿಲ್ಲ. ತಪ್ಪಾಗುವುದಿದ್ದರೆ ಅದು ನಿನ್ನೆಯೇ ಆಗಿಹೋಗಿದೆ, ಇವತ್ತು ನೆಮ್ಮದಿಯಾಗಿ ಹಾಡಿದರೆ ಸಾಕು. ಸಂಡಿಗೆ ಒಣಗಿಸುವವರು ಮಿಷಿನ್ ಹೊರಗಿಟ್ಟು ನಾಳೆ ಮಳೆಯಿದೆಯಾ ಅಂತ ಕೇಳಿಕೊಳ್ಳುತ್ತಾರೆ. ಮಳೆ ಕೇಳಬಹುದು, ಗಾಳಿ ಕೇಳಬಹುದು. ಆದರೆ ಮನುಷ್ಯರ ದನಿಯನ್ನು ಹಾಡಿ ಮುಗಿಯುವ ಮುಂಚೆ ಕೇಳಬಾರದು. ಇದು ಯಾರೂ ಬರೆದಿಟ್ಟ ಕಟ್ಟಳೆಯಲ್ಲ, ಕೇಳಿದವರ ಪಾಡು ನೋಡಿ ಊರು ತಾನಾಗಿ ಕಲಿತದ್ದು. ಅದಕ್ಕೇ ಕ್ಯಾಸೆಟ್ಟಿಗೆ ಹಾಡು ಇಳಿಯುವಾಗ ಮುಳ್ಳು ನೋಡುತ್ತೇವೆಯೇ ಹೊರತು ಕಿವಿಗೆ ಹೆಡ್‌ಫೋನ್ ಏರಿಸುವುದಿಲ್ಲ. ಹಾಡಿ ಮುಗಿದ ಮೇಲೆ ಕ್ಯಾಸೆಟ್ಟಿನ ಮೈಗೆ ಒಂದು ಕುಂಕುಮದ ಬೊಟ್ಟು. ಬೊಟ್ಟಿಟ್ಟದ್ದನ್ನು ಕೇಳಬಹುದು, ಬೋಳಾಗಿರುವುದನ್ನು ಮುಟ್ಟಬಾರದು. ಎಷ್ಟು ಸಲೀಸು ನೋಡಿ! ನಾನು ತಪ್ಪಿದ್ದು ಅಲ್ಲೇ.

ನಮ್ಮದೇ ಒಂದು ಹಾಡಿತ್ತು. ಮದುವೆಯಾದ ಹೊಸದರಲ್ಲಿ, ನಾನು ಈ ಮನೆಯ ಬಾವಿಯಲ್ಲಿ ನೀರು ಸೇದುವುದನ್ನು ನೋಡಿ ನಮ್ಮವರು ಕಟ್ಟಿದ್ದು. ನಾಲ್ಕೇ ನುಡಿ. ನಾನು ಹಾಡುವುದು, ಅವರು ಬಾರಿಸುವುದು. ಮನೆಯ ಹೊರಗೆ ಅದನ್ನು ಯಾವತ್ತೂ ಹಾಡಿದ್ದಿಲ್ಲ. ಊರಿನ ಹಾಡೆಲ್ಲ ಹಿಡಿದೆವು, ಇದೊಂದನ್ನು ಹಿಡಿಯೋಣ ರೀ ಅಂದರೆ "ಇನ್ನೂ ಕಾಯಿ ಕಣೇ, ಹಣ್ಣಾಗಲಿ" ಅನ್ನುತ್ತಿದ್ದರು. ಹಾಗನ್ನುತ್ತಾ ಅನ್ನುತ್ತಾ ನಾವೇ ಹಣ್ಣಾದೆವು. ಅಂಥವರು ಒಂದು ದಿನ ಬೆಳಿಗ್ಗೆ ಟೀ ಕುಡಿಯುತ್ತಾ ಇದ್ದಕ್ಕಿದ್ದಂತೆ "ವಿಶಾಲೂ, ಇವತ್ತು ನಮ್ಮ ಹಾಡಿಗೆ ಮಿಷಿನ್ ಹಾಕಿಬಿಡು. ನಾಳೆ ಹಾಡಿಬಿಡೋಣ" ಅಂದರು.

"ಯಾಕ್ರೀ, ಹಣ್ಣಾಯ್ತಾ?" ಅಂದೆ.

"ಆಯ್ತು ಅಂತ ಇಟ್ಕೋ."

ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ದಿನ ಎಂಟು ಗಂಟೆಗೆ ಕೊಟ್ರವ್ವ ಬಂದು, ಹಿಂದಿನ ದಿನ ಹಿಡಿದಿದ್ದ ತನ್ನ ಬೀಸುವ ಪದಗಳನ್ನು ಹಾಡಿ ಹೋಗಿದ್ದಳು. ಅವಳ ಕ್ಯಾಸೆಟ್ ಮೇಜಿನ ಮೇಲಿತ್ತು. ಹತ್ತಕ್ಕೆ ನಮ್ಮ ಹಾಡಿಗೆ ಮಿಷಿನ್ ಓಡಿಸಿದೆ. ಸಂದಿಯಿಂದ ಇಣುಕಿದರೆ ಮುಳ್ಳು ಮೆಲ್ಲಗೆ ಎದ್ದಿತು, ನಮ್ಮವರ ಬೆರಳು ಹಾರ್ಮೋನಿಯಂನ ಮೊದಲ ಮನೆ ಮುಟ್ಟಿದಾಗ ಏಳುವಂತೆಯೇ. ನನಗೆ ನಾಚಿಕೆಯಾದಂತಾಗಿ ಅಡಿಗೆಮನೆಗೆ ಓಡಿದೆ. ಮುಗಿದ ಮೇಲೆ ಆ ಕ್ಯಾಸೆಟ್ಟನ್ನೂ ತೆಗೆದು ಕೊಟ್ರವ್ವನದರ ಪಕ್ಕದಲ್ಲೇ ಇಟ್ಟೆ. ಮನಸ್ಸೆಲ್ಲ ನಾಳೆಯಲ್ಲಿತ್ತು. ಕೊಟ್ರವ್ವನದಕ್ಕೆ ಬೊಟ್ಟಿಡುವುದು ಬಾಕಿ ಇದೆ ಅಂತ ನೆನಪಾಗಿ ಕುಂಕುಮದಲ್ಲಿ ಬೆರಳದ್ದಿ ನಮ್ಮ ಕ್ಯಾಸೆಟ್ಟಿಗೆ ಇಟ್ಟುಬಿಟ್ಟೆ. ನನ್ನ ಬುದ್ಧಿಗಿಷ್ಟು!

ಮಧ್ಯಾಹ್ನ ಕೊಟ್ರವ್ವ ತನ್ನ ಕ್ಯಾಸೆಟ್ಟಿಗೆ ಬಂದಳು. ಕೊಡುವ ಮುಂಚೆ ನಡುವೆ ಒಂದಿಷ್ಟು, ಕೊನೆಗೆ ಒಂದಿಷ್ಟು ಕೇಳಿ ನೋಡುವುದು ನನ್ನ ರೂಢಿ. ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ಬೊಟ್ಟಿದ್ದುದನ್ನು ಮಿಷಿನ್ನಿಗೆ ಹಾಕಿ, ನಡುವಿಗೆ ಓಡಿಸಿ, ಹೆಡ್‌ಫೋನ್ ಏರಿಸಿದೆ.

ಹಾರ್ಮೋನಿಯಂ ನಮ್ಮವರದೇ. ದನಿ ಯಾರದಪ್ಪಾ ಇದು, ಕೊಟ್ರವ್ವನಿಗೆ ಇಷ್ಟು ಇಂಪು ಯಾವಾಗ ಬಂತು ಅಂದುಕೊಂಡೆ. ತನ್ನ ದನಿ ತನಗೆ ಗುರುತು ಸಿಗುವುದಿಲ್ಲ ಅನ್ನುವುದು ನಿಜ. ಗುರುತು ಸಿಕ್ಕಾಗ ಗುಂಡಿ ಒತ್ತಿ ನಿಲ್ಲಿಸಬೇಕಿತ್ತು. ಕೈ ಮೇಲೇಳಲಿಲ್ಲ. ಮೂರನೇ ನುಡಿ ನಡೆದಿತ್ತು. ಕೊಡ ತುಂಬಿ, ನಡುವಿಗೇರಿಸಿಕೊಂಡು, ಹಾಡಿನೊಳಗಿನವಳು ತಿರುಗಿ ನೋಡುವ ಜಾಗ. ಅಲ್ಲಿ ಹಾರ್ಮೋನಿಯಂ ನಿಂತುಹೋಯಿತು. ಒಂದು ಸ್ವರ ಗಾಳಿ ಸಾಲದೆ ಸೊರಗಿ ಸೊರಗಿ ಆರಿತು. ಆಮೇಲೆ ಮರಕ್ಕೆ ಏನೋ ಬಡಿದಂತೆ ಮೆತ್ತಗಿನ ಒಂದು ಸದ್ದು. ಅಷ್ಟೇ. ಮತ್ತೆ ಪೆಟ್ಟಿಗೆ ಉಸಿರೆತ್ತಲಿಲ್ಲ.

ನನ್ನ ಎದೆ ಒಡೆದದ್ದು ಅದಕ್ಕಲ್ಲ. ಹಾಡು ನಿಲ್ಲಲಿಲ್ಲವಲ್ಲ, ಅದಕ್ಕೆ! ನನ್ನ ದನಿ ಒಂದೇ ಒಂದಾಗಿ, ಚೂರೂ ನಡುಗದೆ, ಮೂರನೇ ನುಡಿ ಮುಗಿಸಿ ನಾಲ್ಕನೆಯದಕ್ಕೆ ಹೋಯಿತು. ಎದುರಿಗೇ ಗಂಡ ಉರುಳಿ ಬಿದ್ದಿದ್ದಾನೆ, ಇವಳು ಹಾಡುತ್ತಿದ್ದಾಳೆ. 'ರೀ' ಅನ್ನಲಿಲ್ಲ, 'ಅಯ್ಯೋ' ಅನ್ನಲಿಲ್ಲ. ಕೊನೆಯ ಸಾಲನ್ನಂತೂ ಎಂದೂ ಇಲ್ಲದಷ್ಟು ನಿಧಾನವಾಗಿ ಎಳೆದು ಹಾಡಿ ಮುಗಿಸಿದಳು. ಮುಗಿಯುತ್ತಿದ್ದಂತೆ ಕ್ಯಾಸೆಟ್ಟೂ ಮುಗಿದು ಮಿಷಿನ್ 'ಟಕ್' ಅಂತ ನಿಂತಿತು. ಮುಂದೇನಾಯಿತು ಅಂತ ಹೇಳುವವರೇ ಇಲ್ಲ.

ಹೊರಗೆ ಬಂದೆ. ಕೊಟ್ರವ್ವ ನನ್ನ ಮುಖ ನೋಡಿದವಳೇ ಎದ್ದು ನಿಂತಳು. ಕೇಳಿದವರ ಮುಖ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

"ಅಯ್ಯೋ ನಮ್ಮವ್ವಾ, ಕೇಳಿಬಿಟ್ಟೆಯಾ?" ಅಂದಳು.

ನಾನು ತಲೆ ಆಡಿಸಿದೆ. ಏನು ಕೇಳಿದೆ ಅಂತ ಅವಳು ಕೇಳಲಿಲ್ಲ, ಹಾಗೆ ಯಾರೂ ಕೇಳುವುದಿಲ್ಲ. ನನ್ನ ಕೈ ಹಿಡಿದುಕೊಂಡು ಜಗಲಿಯ ಮೇಲೆ ಬಹಳ ಹೊತ್ತು ಕೂತಳು. ಹೋಗುವಾಗ "ಬೆಳಗಾಗಲಿ" ಅಂತಷ್ಟೇ ಅಂದು, ಮನೆಗೆ ಹೋಗಿ ಒಂದು ಚೆಂಬು ಮಜ್ಜಿಗೆ ಕಳಿಸಿದಳು. ಯಾರದೇ ಮನೆಯಲ್ಲಿ ಯಾರಾದರೂ ಹೀಗೆ ಕೇಳಿಬಿಟ್ಟರೆ ನಮ್ಮ ಕೇರಿಯವರು ಮಾಡುವುದು ಅಷ್ಟೇ. ಏನೆಂದು ಕೆದಕುವುದಿಲ್ಲ, ಒಬ್ಬರನ್ನೇ ಬಿಡುವುದೂ ಇಲ್ಲ.

ನಮ್ಮವರು ಮಲಗಿ ಗೊರಕೆ ಹೊಡೆಯುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಮೈಕ್ ಸೆಟ್ ರುದ್ರೇಶಿಯ ಅಂಗಡಿಗೆ ಹೋದೆ. ಊರಿನ ಮಿಷಿನ್ನುಗಳೆಲ್ಲ ರಿಪೇರಿಗೆ ಬರುವುದು ಅವನ ಹತ್ತಿರ. ಯಾವುದೋ ಸ್ಪೀಕರಿನ ಹೊಟ್ಟೆ ಬಗೆದು ಕೂತಿದ್ದ.

"ರುದ್ರೇಶಿ, ಒಂದು ಕ್ಯಾಸೆಟ್ಟನ್ನ ಅಳಿಸಿಬಿಟ್ಟರೆ ಏನಾಗುತ್ತೆ?"

ಅವನು ನನ್ನ ಮುಖ ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟ. "ಕ್ಯಾಸೆಟ್ ಅಳಿಸಬಹುದು ಅಕ್ಕಾ. ನಾಳೆನ ಅಳಿಸೋಕಾಗಲ್ಲ."

"ಹಾಡೋಕೇ ಹೋಗದಿದ್ರೆ?"

"ಹಾಡಲ್ಲ ಅಂತ ಹೊರಟೋರೆಲ್ಲ ಹಾಡಿದಾರೆ. ನಮ್ಮಪ್ಪ ನೋಡು, ತಾನು ಭಜನೇಲಿ ದನಿ ಒಡೆದು ನಗೆಪಾಟಲಾಗೋದನ್ನ ಕೇಳಿಬಿಟ್ಟು ಊರು ಬಿಟ್ಟೇ ಹೊರಟ. ಬಸ್ಸು ಕೆರೆ ಏರಿ ಮೇಲೆ ಕೆಟ್ಟು ನಿಂತು, ನಡಕೊಂಡು ವಾಪಸ್ ಬಂದ. ನಡೆದ ದಣಿವಿಗೇ ದನಿ ಒಡೀತು." ಹಾಗಂದು ನಗಲು ಹೋದವನು ನನ್ನ ಕಣ್ಣು ನೋಡಿ ಸ್ಟೂಲನ್ನು ನನ್ನತ್ತ ಸರಿಸಿದ. "ಅಕ್ಕಾ, ಕ್ಯಾಸೆಟ್ಟಿನಲ್ಲಿ ಸದ್ದಷ್ಟೇ ಬರೋದು. ಕಣ್ಣಿಗೆ ಕಾಣೋದು ಬರಲ್ಲ. ಹಂಗಂತ ಧೈರ್ಯ ಹೇಳ್ತೀನಿ, ಅಷ್ಟೇ. ನಂಗೇನು ಗೊತ್ತು?"

ಮನೆಗೆ ಬರುವ ದಾರಿಯಲ್ಲಿ ಊರು ಎಂದಿನಂತೆಯೇ ಇತ್ತು, ಆದರೆ ನನಗೆ ಅದು ನೀರಿನೊಳಗಿಂದ ನೋಡಿದಂತೆ ಕಾಣುತ್ತಿತ್ತು. ಯಾರದೋ ಕಿಟಕಿಯಿಂದ ನಾಳೆಯ ಗಾಳಿಯ ಸದ್ದು. ಇನ್ಯಾರದೋ ಅಂಗಳದಲ್ಲಿ ಸಂಡಿಗೆ ಹಾಕುವ ಮುದುಕಿ ಮಿಷಿನ್ನಿಗೆ ಕಿವಿ ಕೊಟ್ಟು "ಮಳೆ ಇಲ್ಲ, ಹಾಕ್ರೇ" ಅಂತ ಸೊಸೆಯರಿಗೆ ಕೂಗುತ್ತಿದ್ದಳು. ನಾಳೆ ಎಲ್ಲರಿಗೂ ಬಿಸಿಲು. ನನಗೆ ಮಾತ್ರ ಯಾಕಪ್ಪಾ ಹೀಗೆ ಅಂತ ಅಳು ಉಕ್ಕಿಬಂತು. ಅತ್ತುಕೊಂಡೇ ನಡೆದೆ. ದಾರಿಯಲ್ಲಿ ಸಿಕ್ಕವರು ನೋಡಿ, ನೋಡದವರಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಸಂಜೆ ಶಾವಿಗೆ ಬಸಿದು, ಹಾಲು ಬೆಲ್ಲ ಕಾಯಿಸಿ, ತುಪ್ಪ ಸುರಿದು ತಟ್ಟೆ ಮುಂದಿಟ್ಟೆ. ನಮ್ಮವರಿಗೆ ಶಾವಿಗೆ ಅಂದರೆ ಪ್ರಾಣ. ಒಂದು ತುತ್ತು ತಿಂದು ನನ್ನನ್ನೇ ನೋಡಿದರು.

"ಏನೇ ಇದು, ಇವತ್ತು ಹಬ್ಬಾನಾ?"

"ಯಾಕೆ, ಹಬ್ಬ ಇದ್ರೇನೇ ತಿನ್ನಬೇಕಾ?"

"ಇಲ್ಲಮ್ಮಾ, ಇಷ್ಟು ತುಪ್ಪ ನಮ್ಮ ಮದುವೆ ದಿನಾನೂ ನೀನು ಹಾಕಿರಲಿಲ್ಲ."

"ನಾಳೆ ಬೇಡ ಕಣ್ರೀ," ಅಂದುಬಿಟ್ಟೆ. "ನಂಗೆ ಗಂಟಲು ಕಟ್ಟಿದೆ."

"ಕಟ್ಟಿದ್ರೆ ಅದೂ ಇಳಿದಿರುತ್ತೆ ಬಿಡು ಕ್ಯಾಸೆಟ್ಟಿಗೆ, ಈಗೇನು ಮಾಡೋಕಾಗುತ್ತೆ?" ಅಂದವರು ಶಾವಿಗೆ ಕಲಸಿದರು. ಆಮೇಲೆ ತಲೆ ಎತ್ತದೆ ಕೇಳಿದರು. "ಕೇಳಿದೀಯೇನೇ?"

"ಇಲ್ಲ."

"ಕೇಳಿದ್ರೂ ಹೇಳಬೇಡ." ಅವರ ದನಿಯಲ್ಲಿ ಎಂದಿನ ಹುಡುಗಾಟ ಇರಲಿಲ್ಲ. "ನಾನು ಆ ಹಾಡನ್ನ ಮುಂದೇನು ಅಂತ ಗೊತ್ತಿಲ್ಲದೆ ನುಡಿಸಬೇಕು. ಅಷ್ಟೇ ಆಸೆ."

ಅಂದ ಮೇಲೆ ಇನ್ನು ಹೇಳುವುದೆಲ್ಲಿ? ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ. ಸಾವಿನ ಹೆದರಿಕೆ ಒಂದು ಕಡೆ ಇರಲಿ, ಅದು ಯಾರಿಗಿಲ್ಲ? ನನ್ನನ್ನು ತಿಂದದ್ದು ಆ ನಡುಗದ ದನಿ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳು, ಅವರು ಬಿದ್ದ ಹೊತ್ತಿನಲ್ಲಿ ಹಾಡು ಬಿಟ್ಟು ಏಳದಷ್ಟು ಕಲ್ಲುಮನಸ್ಸಿನವಳಾ ನಾನು? ಹಾಗಿದ್ದರೆ ನನ್ನೊಳಗೆ ಇಷ್ಟು ದಿನ ಇದ್ದವಳು ಯಾರು? ನಾಳೆ ಏನೇ ಆಗಲಿ, ಪೆಟ್ಟಿಗೆ ನಿಂತ ಕೂಡಲೇ ಹಾಡು ಬಿಸಾಕಿ ಅವರನ್ನು ಹಿಡಿದುಕೊಳ್ಳುತ್ತೇನೆ, ಕ್ಯಾಸೆಟ್ಟು ಸುಳ್ಳಾದರೆ ಆಗಲಿ ಅಂತ ಗಟ್ಟಿ ಮನಸ್ಸು ಮಾಡಿದೆ.

ಬೆಳಗಾಯಿತು. ಇಬ್ಬರೂ ತಲೆಗೆ ನೀರು ಹಾಕಿಕೊಂಡೆವು. ಅವರು ಬಿಳಿ ಜುಬ್ಬಾ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಮದುಮಗನ ಹಾಗೆ ಬಂದು ಪೆಟ್ಟಿಗೆಯ ಮುಂದೆ ಕೂತರು. ನಾನು ಎದುರಿಗೆ ಕೂತೆ. ಮಿಷಿನ್ ಬಾಯಿ ಮುಚ್ಚಿಕೊಂಡಿತ್ತು. ಮೈಕು ನಿನ್ನೆ ನಿಂತಲ್ಲೇ ನಿಂತಿತ್ತು. ಕೌದಿಗಳ ನಡುವೆ ಬೆಳಕು ಮಂಕಾಗಿ, ಹೊರಗಿನ ಕಾಗೆಗಳ ಕೂಗು ಬಹಳ ದೂರದಿಂದ ಬಂದಂತೆ ಕೇಳುತ್ತಿತ್ತು. ಹತ್ತಾಯಿತು. ಅವರು ತಿದಿ ಎಳೆದು ಮೊದಲ ಮನೆ ಮುಟ್ಟಿದರು.

ಹಾಡು ಎತ್ತಿಕೊಂಡೆ. ಮೊದಲ ನುಡಿಯಲ್ಲಿ ಅವರ ಮುಖ ನೋಡುತ್ತಾ ಹಾಡಿದೆ, ಕಣ್ಣು ತುಂಬಾ ನೋಡಿಕೊಂಡೆ. ಎರಡನೇ ನುಡಿಗೆ ಅವರ ಹಣೆಯಲ್ಲಿ ಬೆವರು ಹನಿಯಿತು. ನನಗೆ ನೋಡಲಾಗಲಿಲ್ಲ. ಕಣ್ಣು ಮುಚ್ಚಿದೆ. ಮೂರನೇ ನುಡಿ ಬಂತು, ಕೊಡ ತುಂಬಿತು, ನಡುವಿಗೇರಿತು. ಅವಳು ತಿರುಗಿದಳು.

ಪೆಟ್ಟಿಗೆ ನಿಂತಿತು. ಸ್ವರ ಸೊರಗಿ ಆರಿತು. ಮರಕ್ಕೆ ಬಡಿದ ಆ ಮೆತ್ತಗಿನ ಸದ್ದೂ ಬಂತು.

ಏಳಬೇಕು, ಹಿಡಿದುಕೊಳ್ಳಬೇಕು. ರಾತ್ರಿಯೆಲ್ಲ ಹಾಗಂತ ಆಣೆ ಹಾಕಿಕೊಂಡವಳು ನಾನೇ. ಆದರೆ ಎದ್ದರೆ ಕಣ್ಣು ಬಿಡಬೇಕು. ಕಣ್ಣು ಬಿಟ್ಟರೆ ನೋಡಬೇಕು. ಹಾಡು ನಡೆಯುತ್ತಿರುವಷ್ಟು ಹೊತ್ತು ಅದು ಇನ್ನೂ ಆಗಿಲ್ಲ, ಹಾಡು ಮುಗಿದರೆ ಆಗಿಬಿಡುತ್ತದೆ. ಮಿಷಿನ್ನಿನಲ್ಲಿ ಚೂರೂ ನಡುಗದೆ ಹಾಡಿದವಳು ಕಲ್ಲಾಗಿರಲಿಲ್ಲ, ಹೆದರಿ ಸತ್ತಿದ್ದಳು. ಒಂದು ಚೂರು ನಡುಗಿದರೂ ಹಾಡು ಕಡಿದುಹೋದೀತು ಅಂತ ಉಸಿರು ಬಿಗಿಹಿಡಿದು ಹಾಡುತ್ತಿದ್ದಳು. ನಾಲ್ಕನೇ ನುಡಿಯನ್ನು ನಾನು ಎಷ್ಟು ಎಳೆದೆನೋ ದೇವರಿಗೇ ಗೊತ್ತು. ಕೊನೆಯ ಸಾಲಿನ ಕೊನೆಯ ಅಕ್ಷರವನ್ನು ಬಿಡಲಾರದೆ ಬಿಡಲಾರದೆ, ಉಸಿರು ಪೂರ್ತಿ ಖಾಲಿಯಾದ ಮೇಲೆ ಬಿಟ್ಟೆ.

ಇಲ್ಲಿಗೆ ಕ್ಯಾಸೆಟ್ ಮುಗಿದಿತ್ತು. ಇನ್ನು ಮುಂದಿನದು ಕೇಳಿರಲಿಲ್ಲ.

ಕಣ್ಣು ಬಿಟ್ಟೆ. ಅವರು ಕೂತಿದ್ದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡು, ನನ್ನನ್ನೇ ನೋಡುತ್ತಾ ಕೂತಿದ್ದರು. ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಬೆರಳು ಮಾತು ಕೇಳಲಿಲ್ಲ ಕಣೇ," ಅಂದರು.

ನಾನು ಎದ್ದು ಹೋಗಿ ಅವರ ಭುಜಕ್ಕೆ ಬಡಿದೆ. ಎರಡೂ ಕೈಯಲ್ಲಿ ಬಡಿದೆ. "ಬದುಕಿದೀರಾ! ಬದುಕಿದ್ದು ಹೀಗೆ ಕೂತಿದೀರಾ! ಒಂದು ಮಾತು ಬಾಯಿ ಬಿಟ್ಟಿದ್ರೆ ಏನು ಗಂಟು ಹೋಗ್ತಿತ್ತು ನಿಮ್ಮದು?"

"ಹಾಡು ನಡೀತಿತ್ತಲ್ಲೇ, ಮಧ್ಯೆ ಹೇಗೆ ಬಾಯಿ ಬಿಡ್ಲಿ?" ಅಂದರು, ಹೊಡೆಸಿಕೊಳ್ಳುತ್ತಲೇ. ಆಮೇಲೆ ಒಂದೊಂದಾಗಿ ಹೊರಬಂತು. ಬಲಗೈಯ ಬೆರಳುಗಳು ಜೋಮು ಹಿಡಿಯುವುದು ಯುಗಾದಿಯ ಮುಂಚಿನಿಂದಲೇ ಶುರುವಾಗಿತ್ತಂತೆ. ಗುಂಡಿ ಹಾಕಲು ಬಾರದೆ ಅಂಗಿ ಬಿಟ್ಟು ಜುಬ್ಬಾ ಹಿಡಿದಿದ್ದರಂತೆ. ನಾನೋ, ಮುದುಕನಿಗೆ ಷೋಕಿ ಬಂದಿದೆ ಅಂತ ನಕ್ಕಿದ್ದೆ. ಬೇರೆಯವರ ಹಾಡಿಗೆ ಹೇಗೋ ಎರಡು ಬೆರಳಲ್ಲಿ ಸಾಗಹಾಕುತ್ತಿದ್ದರಂತೆ. ಪೂರ್ತಿ ಹೋಗುವ ಮುಂಚೆ ನಮ್ಮ ಹಾಡೊಂದನ್ನು ಹಿಡಿದುಬಿಡಬೇಕು ಅಂತ ಆಸೆಪಟ್ಟದ್ದಂತೆ. ಅದಕ್ಕೇ ಹಾಡು ಇದ್ದಕ್ಕಿದ್ದಂತೆ ಹಣ್ಣಾದದ್ದು.

ಆ ಕೈಯನ್ನು ತೆಗೆದುಕೊಂಡು ತಿಕ್ಕಿದೆ. ತಣ್ಣಗಿತ್ತು. ಒತ್ತಿದರೆ ತಿರುಗಿ ಒತ್ತಲಿಲ್ಲ. ಮರಕ್ಕೆ ಬಡಿದದ್ದು ಈ ಕೈಯೇ. ಇನ್ನು ಈ ಪೆಟ್ಟಿಗೆ ನುಡಿಯುವುದಿಲ್ಲ ಅನ್ನುವುದು ನನಗೂ ತಿಳಿಯಿತು, ಅವರಿಗೆ ಮೊದಲೇ ತಿಳಿದಿತ್ತು. ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ? ಆದರೆ ಸಂಕಟದ ಮೇಲೆಯೇ, ನಾಚಿಕೆ ಬಿಟ್ಟು, ಅವರು ಇದ್ದಾರೆ, ಇದ್ದಾರೆ ಅಂತ ಮನಸ್ಸು ಕುಣಿಯುತ್ತಿತ್ತು.

"ನೀನು ನಿಲ್ಲಿಸಿಬಿಡ್ತೀಯ ಅಂದ್ಕೊಂಡಿದ್ದೆ," ಅಂದರು.

"ನಿಲ್ಲಿಸಬೇಕು ಅಂತಾನೇ ಇದ್ದೆ."

"ನಿಲ್ಲಿಸಿದ್ರೆ ನಂಗೆ ಸಿಗ್ತಾನೇ ಇರಲಿಲ್ಲ. ಇಷ್ಟು ವರ್ಷ ನನ್ನ ಪೆಟ್ಟಿಗೆ ಸದ್ದು ನಾನೇ ಕೇಳ್ಕೊಂಡು ಕೂತಿದ್ನಲ್ಲೇ. ನಿನ್ನ ದನಿ ಹೀಗಿದೆ ಅಂತ ಇವತ್ತು ಗೊತ್ತಾಯ್ತು." ಮೂಗು ಒರೆಸಿಕೊಂಡರು. "ಇನ್ನೊಂದು ಸಲ ಆ ಹಾಡು ಹೇಳು."

ನಾನು ಕಣ್ಣೊರೆಸಿಕೊಂಡು ಎದ್ದು, ರೂಢಿಯಂತೆ, ಹೊಸ ಕ್ಯಾಸೆಟ್ಟಿಗೆ ಕೈ ಚಾಚಿದೆ. "ತಡೀರಿ, ಮಿಷಿನ್ ಹಾಕ್ತೀನಿ, ನಾಳೆ ಹೇಳ್ತೀನಿ."

"ನಾಳೆ ಬೇಡ ಕಣೇ," ಅಂದರು. "ಈಗ ಹೇಳು."

ಕ್ಯಾಸೆಟ್ ಅಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಅವರಿಗೆ ಆತು ಕೂತೆ. ಯಾವ ಕ್ಯಾಸೆಟ್ಟಿನಲ್ಲೂ ಇಲ್ಲದ ಹಾಡು, ಹೇಗೆ ಬರುತ್ತದೋ ಯಾರಿಗೆ ಗೊತ್ತು? ಪೆಟ್ಟಿಗೆಯೂ ಜೊತೆಗಿಲ್ಲ, ಜೀವನದಲ್ಲಿ ಮೊದಲ ಸಲ ಹಾಡಲು ಹೆದರಿಕೆಯಾಯಿತು. ಗಂಟಲು ಸರಿಮಾಡಿಕೊಂಡು ಎತ್ತಿಕೊಂಡೆ. ಎರಡನೇ ಸಾಲಿಗೇ ತಪ್ಪಿತು. ಇಬ್ಬರೂ ನಕ್ಕೆವು. ಮತ್ತೆ ಮೊದಲಿನಿಂದ ಶುರು ಮಾಡಿದೆ.